ಬೆಕ್ಕು ಮಲಗಿದ್ದ ಗಾಣ, ಹಿಂಡಿ ಬೀಳುವ ಗಾಣ

ಹಾಸನದಲ್ಲಿ ಈಗ ಯಾವ ರಸ್ತೆಗೆ ಹೋದರೂ ‘ಮರದ ಗಾಣದ ಎಣ್ಣೆ’ ಅಂತ ಒಂದು ಬೋರ್ಡು ಕಾಣುತ್ತದೆ. ಒಂದರ ಮೇಲೆ ಎತ್ತಿನ ಚಿತ್ರ, ಇನ್ನೊಂದರ ಮೇಲೆ ‘ಅಪ್ಪಟ’, ಅದರ ಎದುರಿನದರ ಮೇಲೆ ‘ಒರಿಜಿನಲ್ ಅಪ್ಪಟ’. ಎರಡು ವರ್ಷದಲ್ಲಿ ನಾಲ್ಕು ಕಡೆ ಎಣ್ಣೆ ಕೊಂಡು ನೋಡಿದ್ದೇನೆ. ಇದು ಕೊನೆಗೆ ನಮ್ಮ ಮನೆಗೆ ಉಳಿದುಕೊಂಡ ಅಂಗಡಿಯ ಬಗ್ಗೆ. ಕಟ್ಟಿನಕೆರೆ ಮಾರ್ಕೆಟ್ಟಿನಿಂದ ನಡೆದೇ ಹೋಗಬಹುದು, ಬೋರ್ಡಿನಲ್ಲಿ ಬರೀ ‘ಎಣ್ಣೆ ಗಾಣ’ ಅಂತಿದೆ. ಗಡಗಡ ಸದ್ದು ಬಂದ ಕಡೆ ತಿರುಗಿ, ಸಿಗುತ್ತದೆ.

ಅದಕ್ಕೂ ಮುಂಚೆ ಮೋಸ ಹೋದ ಕಥೆ ಹೇಳಿಬಿಡುತ್ತೇನೆ. ಅಂಗಡಿ ಹೆಸರು ಬೇಡ ಬಿಡಿ. ಬಾಗಿಲಲ್ಲೇ ದೊಡ್ಡ ಮರದ ಗಾಣ ಇಟ್ಟಿದ್ದರು, ಪಾಲಿಶ್ ಹೊಡೆದು, ಪಕ್ಕದಲ್ಲಿ ಒಂದು ಲಾಟೀನು ಬೇರೆ ನೇತುಹಾಕಿದ್ದರು. ನಾನು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೂ ಉಂಟು. ಕಡಲೆಕಾಯಿ ಎಣ್ಣೆ ಲೀಟರಿಗೆ 190 ರೂಪಾಯಿ. ಮೂರನೇ ಸಲ ಹೋದಾಗ ನೋಡಿದರೆ ಆ ಗಾಣದ ಒರಳಿನೊಳಗೆ ಒಂದು ಬೆಕ್ಕು ಸುರುಳಿ ಸುತ್ತಿಕೊಂಡು ನಿದ್ದೆ ಮಾಡುತ್ತಿದೆ. ಎದ್ದು ಮೈ ಮುರಿಯಿತು. ಬಿಳೀ ಬೆಕ್ಕು, ಮೈಮೇಲೆ ಒಂದು ಹನಿ ಎಣ್ಣೆಯ ಕಲೆಯೂ ಇಲ್ಲ! ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಬಾಟಲಿ ಮುಚ್ಚಳ ತೆಗೆದು ಮೂಸಿ, “ಇದಕ್ಕೆ ಕಡ್ಲೆಕಾಯಿ ತೋರಿಸಿ ವಾಪಸ್ ಎತ್ತಿಟ್ಟವ್ರೆ ಕಣೇ” ಅಂದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಕಡಲೆಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ ಇರುತ್ತದೆ, ಗಾಣದಲ್ಲಿ ಅಷ್ಟೂ ಇಳಿಯುವುದಿಲ್ಲ, ಸ್ವಲ್ಪ ಹಿಂಡಿಯಲ್ಲೇ ಉಳಿಯುತ್ತದೆ. ಒಂದು ಲೀಟರಿಗೆ ಎರಡೂವರೆ ಕೆಜಿ ಬೀಜ ಬೇಕೇ ಬೇಕು. ನಾನು ಬೀಜ ತಂದಿದ್ದು ಕೆಜಿಗೆ 130 ರೂಪಾಯಿ ಕೊಟ್ಟು, ಅಲ್ಲಿಗೆ ಬೀಜಕ್ಕೇ 325 ಆಯಿತು. ಅವರಿಗೆ ಸಗಟಿನಲ್ಲಿ ಕಡಿಮೆಗೆ ಸಿಗಲಿ, ಹಿಂಡಿ ಮಾರಿ ಒಂದಿಷ್ಟು ವಾಪಸ್ ಬರಲಿ, ಆದರೂ 190ಕ್ಕೆ ಹೇಗೆ ಗಿಟ್ಟುತ್ತದೆ? ಕರೆಂಟು, ಕೂಲಿ, ಬಾಟಲಿ, ಬಾಡಿಗೆ ಎಲ್ಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈಗಿನ ಅಂಗಡಿಯಲ್ಲಿ ಲೀಟರಿಗೆ 340. ಜಾಸ್ತೀನೇ, ಸುಳ್ಳು ಹೇಳುವುದಿಲ್ಲ. ಆದರೆ ಗಾಣ ಕಣ್ಣೆದುರಿಗೇ ತಿರುಗುತ್ತದೆ. ಬಾಗೆ ಮರದ್ದಂತೆ. ಎತ್ತು ಗಿತ್ತು ಏನಿಲ್ಲ, ಮೋಟರು, ಅದನ್ನು ಅವರೇ ಮೊದಲು ಹೇಳುತ್ತಾರೆ. “ಎತ್ತು ಕಟ್ಟಿದ್ರೆ ನೀವು ಕೊಡೋ ದುಡ್ಡು ಅದರ ಮೇವಿಗೇ ಆಗಲ್ಲ ಅಕ್ಕಾ” ಅಂದರು ಯಜಮಾನರು. ಎಣ್ಣೆಯನ್ನು ಬಿಸಿಲಿಗಿಟ್ಟು, ಮಡ್ಡಿ ತಳಕ್ಕಿಳಿದ ಮೇಲೆ ಬಾಟಲಿಗೆ ತುಂಬುತ್ತಾರೆ. ಮೋಡ ಇದ್ದರೆ “ಇವತ್ತಿಲ್ಲ, ನಾಡಿದ್ದು ಬನ್ನಿ” ಅನ್ನುತ್ತಾರೆ. ಮಳೆಗಾಲದಲ್ಲಿ ನಾನು ಹೀಗೆ ಎರಡು ಸಲ ಬರಿಗೈಯಲ್ಲಿ ವಾಪಸ್ ಬಂದಿದ್ದೇನೆ, ಆಟೋ ದುಡ್ಡು ದಂಡ, ಸಿಟ್ಟೂ ಬಂದಿತ್ತು.

ಒಂದು ದಿನ ಅಲ್ಲೊಂದು ಜಗಳ. ಎಳ್ಳು ಅರೆಯುತ್ತಿದ್ದರು, ಹುಡುಗ ಒಂದು ಬೆಲ್ಲದುಂಡೆ ತಂದು ಪುಡಿ ಮಾಡಿ ಗಾಣಕ್ಕೆ ಹಾಕಿದ. ಪಕ್ಕದಲ್ಲಿ ನಿಂತಿದ್ದವರೊಬ್ಬರು ಕಲಬೆರಕೆ ಅಂತ ಕೂಗಾಡಿ ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿಯೇಬಿಟ್ಟರು. ಯಜಮಾನರು ಬೇಜಾರು ಮಾಡಿಕೊಳ್ಳದೆ, ಬೆಲ್ಲ ಹಾಕದಿದ್ದರೆ ಎಳ್ಳಿನ ಹಿಂಡಿ ಗಟ್ಟಿಯಾಗಿ ಕೂಡಿಕೊಳ್ಳಲ್ಲ, ಎಣ್ಣೆ ಬಿಡಲ್ಲ, ಹಿಂದಿನಿಂದಲೂ ಹೀಗೇ ಅಂತ ವಿವರಿಸಿದರು. ಆಮೇಲೆ ಬಿಸಿಬಿಸಿ ಹಿಂಡಿಯ ಒಂದು ಚೂರು ಮುರಿದು ಅವರ ಕೈಗೇ ಕೊಟ್ಟರು. ನನಗೂ ಸಿಕ್ಕಿತು. ಸಿಹಿ, ಸ್ವಲ್ಪ ಕಹಿ, ಮಧ್ಯೆ ಎಳ್ಳಿನ ಘಮ. ವಿಡಿಯೋದವರು ಒಂದು ಲೀಟರ್ ಒಯ್ದರು.

ಬೇಸರದ ವಿಷಯಗಳೂ ಇವೆ. ಮನೆಯಿಂದ ಸ್ಟೀಲ್ ಕ್ಯಾನ್ ತಗೊಂಡು ಹೋದರೆ ಹಾಕಿಕೊಡುವುದಿಲ್ಲ, ಎಣ್ಣೆ ಬಿಡಿಯಾಗಿ ಮಾರುವ ಹಾಗಿಲ್ಲ ಅಂತ ಗೋಡೆ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು ತೋರಿಸುತ್ತಾರೆ. ನಿಯಮ ಸರಿಯೇ ಇರಬಹುದು, ಆ ಬಾಟಲಿ ಮುಚ್ಚಳ ಮಾತ್ರ ಸೋರುತ್ತದೆ, ನನ್ನ ಬ್ಯಾಗೇ ಸಾಕ್ಷಿ. ಕರಿಯುವಾಗ ನೊರೆ ಉಕ್ಕುತ್ತದೆ, ಸ್ವಲ್ಪ ದೊಡ್ಡ ಬಾಣಲೆ ಇಡಿ.

ಎಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದರೆ ನಕಲಿ ಅನ್ನುವ ವಿಡಿಯೋಗಳನ್ನು ನೋಡಿ ದಯವಿಟ್ಟು ಅಂಗಡಿಯವರ ಹತ್ತಿರ ಜಗಳ ಆಡಬೇಡಿ. ಫ್ರಿಜ್ಜಿನಲ್ಲಿ ಒಳ್ಳೆಯ ಕಡಲೆಕಾಯಿ ಎಣ್ಣೆಯೂ ಮಂದವಾಗುತ್ತದೆ. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ, ನಮ್ಮ ಹಾಸನದ ಡಿಸೆಂಬರಿಗೆ ಫ್ರಿಜ್ ಯಾಕೆ ಬೇಕು ಹೇಳಿ.

ಕೊಬ್ಬರಿ ಅರಸೀಕೆರೆ ಕಡೆಯಿಂದ ತರಿಸುತ್ತಾರೆ, ಆ ಎಣ್ಣೆ ಚೆನ್ನಾಗಿದೆ. ಹುಚ್ಚೆಳ್ಳೆಣ್ಣೆ ಬೇಕಾದರೆ ಮೊದಲೇ ಹೇಳಿಡಬೇಕು, ಯಾವಾಗಲೂ ಇರುವುದಿಲ್ಲ. ಹಸು ಇರುವವರು ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆಯೊಳಗೆ ಹಿಂಡಿ ಖಾಲಿ. ಹೋದ ವಾರ ನಾನು ಹೋಗುವಷ್ಟರಲ್ಲಿ ಕೊನೆಯ ಚೀಲ ಒಬ್ಬರ ಸ್ಕೂಟರಿನ ಮೇಲೆ ಕೂತಿತ್ತು.