ಕ್ಯಾನಿನ ಆರ್‌ಒ ನೀರೋ, ಡ್ರಮ್ಮಿನ ಬೋರ್ ನೀರೋ: ತೊಟ್ಟಿಗೆ ವಿಷ ಬಿದ್ದಾಗ ಯಾವುದು ಮೀನನ್ನು ಉಳಿಸಿತು

ಮೀನು ಸಾಕುವವರ ಮನೆಯಲ್ಲಿ ಒಂದು ಡ್ರಮ್ ಬೋರ್‌ವೆಲ್ ನೀರು ಸದಾ ತುಂಬಿರಬೇಕು. ಎಂಟು ಮೀನು ಕಳೆದುಕೊಂಡ ಮೇಲೆ ಕಲಿತ ಮಾತಿದು.

ಕೋಲಾರದ ನಮ್ಮ ಮನೆಯ ತೊಟ್ಟಿ ಎರಡು ಅಡಿ ಉದ್ದದ್ದು, 70 ಲೀಟರ್ ಹಿಡಿಯುತ್ತದೆ. ಅದರಲ್ಲಿ 12 ಗಪ್ಪಿ, 4 ಮೋಲಿ ಇದ್ದವು. ಎರಡು ವರ್ಷಗಳಲ್ಲಿ ಎರಡು ಸಲ ಅದಕ್ಕೆ ಜಿರಲೆ ಔಷಧಿ ಸೇರಿತು. ಮೊದಲ ಸಲ ಅಡುಗೆಮನೆಯ ಕಪಾಟಿಗೆ ಸ್ಪ್ರೇ ಹೊಡೆದವನು ನಾನೇ. ಎರಡನೆಯ ಸಲ, ಹಣ ಕೊಟ್ಟು ಕರೆಸಿದ್ದ ಔಷಧಿ ಹೊಡೆಯುವವರು. ವಿಷ ಬಂದ ದಾರಿ ಮಾತ್ರ ಒಂದೇ. ತೊಟ್ಟಿಗೆ ಗಾಜಿನ ಮುಚ್ಚಳವಿದ್ದರೂ ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಇಂಥ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ತೀರಾ ಸ್ವಲ್ಪವಾದರೂ ಮೀನನ್ನು ಕೊಲ್ಲಲು ಸಾಕು. ಅರ್ಧ ಗಂಟೆಯೊಳಗೆ ಗಪ್ಪಿಗಳು ನೀರಿನ ಮೇಲ್ಭಾಗದಲ್ಲಿ ಬುಗುರಿಯಂತೆ ಸುತ್ತುತ್ತಿದ್ದವು.

ಎರಡು ಸಲವೂ 60 ಲೀಟರ್ ತೆಗೆದು 60 ಲೀಟರ್ ತುಂಬಿಸಿದೆ, ಮರುದಿನ ಮತ್ತೆ ಅಷ್ಟೇ. ಮೊದಲ ಬದಲಾವಣೆಗೆ ವಿಷ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಎರಡನೆಯದಕ್ಕೆ ನಲವತ್ತೊಂಬತ್ತರಲ್ಲಿ ಒಂದು ಪಾಲಿಗೆ. ಎರಡು ಸಲವೂ ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಿಷ ಹೀರುವ ಇದ್ದಿಲು, ಇಟ್ಟಿದ್ದೆ. ನೀರು ಮಾತ್ರ ಬೇರೆ.

ಮೊದಲ ಸಲ ತಂದದ್ದು ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು, ಅಂದರೆ ಲವಣಗಳನ್ನು ಬಹುಪಾಲು ಸೋಸಿ ತೆಗೆದ ನೀರು. ಆಗ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತಿತ್ತು. ಮನುಷ್ಯರು ಕುಡಿಯುವ ನೀರಿಗಿಂತ ಒಳ್ಳೆಯದು ಮೀನಿಗೆ ಇನ್ಯಾವುದು ಎಂದುಕೊಂಡು ರಾತ್ರಿಯೇ ಸ್ಕೂಟರಿನಲ್ಲಿ ಮೂರು ಕ್ಯಾನ್ ಹೊತ್ತು ತಂದೆ. ಆ ರಾತ್ರಿ ಮೂರು ಗಪ್ಪಿ ಸತ್ತವು. ಅದು ವಿಷದ ಕೆಲಸ. ಆದರೆ ಬೆಳಿಗ್ಗೆ ಉಳಿದವೂ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ತಳದಲ್ಲಿ ಕುಳಿತಿದ್ದವು. ಮೋಲಿಗಳು ಇದ್ದಲ್ಲೇ ಮೈ ಅಲುಗಿಸುತ್ತಿದ್ದವು, ಒಂದು ಅಂಗುಲವೂ ಮುಂದೆ ಹೋಗುತ್ತಿರಲಿಲ್ಲ. ವಿಷ ಇನ್ನೂ ಉಳಿದಿದೆ ಎಂದುಕೊಂಡೆ. ಇನ್ನೂ ಮೂರು ಕ್ಯಾನ್ ತಂದು ಸುರಿದೆ. ಸ್ಥಿತಿ ಕೆಟ್ಟಿತು.

ಮೂರನೆಯ ದಿನ ಮೀನಿನ ಅಂಗಡಿಗೆ ಬಾಟಲಿಯಲ್ಲಿ ತೊಟ್ಟಿಯ ನೀರು ಒಯ್ದೆ. ಅಂಗಡಿಯವರು ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರು: 80. ‘ಮೊದಲು ಯಾವ ನೀರು ಹಾಕುತ್ತಿದ್ದಿರಿ ಅಣ್ಣ?’ ಎಂದು ಕೇಳಿದರು. ನಮ್ಮ ಬೋರ್ ನೀರು ಅದೇ ಮೀಟರಿನಲ್ಲಿ 850 ತೋರಿಸುತ್ತದೆ. ನಮ್ಮ ಕಡೆಯ ಗಡಸು ನೀರು ಎಂಥದ್ದೆಂದು ಕಾಫಿ ಪಾತ್ರೆಯ ತಳದ ಬಿಳಿ ಕಟ್ಟೇ ಹೇಳುತ್ತದೆ. ಆ ಲವಣಗಳಿಗೆ ಒಗ್ಗಿದ ಮೀನನ್ನು ಒಂದೇ ಏಟಿಗೆ ಬರಿ ನೀರಿಗೆ ಹಾಕಿದರೆ ಹೊರಗಿನ ನೀರು ದೇಹದೊಳಗೆ ನುಗ್ಗುತ್ತದೆ, ಒಳಗಿನ ಲವಣ ಸೋರಿಹೋಗುತ್ತದೆ. ಅದರಲ್ಲೂ ಗಪ್ಪಿ, ಮೋಲಿ ಎರಡೂ ಗಡಸು ನೀರನ್ನೇ ಬಯಸುವ ಜಾತಿ. ಆ ನರಳಾಟ ವಿಷದ ನರಳಾಟದಂತೆಯೇ ಕಂಡಿತ್ತು, ಹಾಗಾಗಿ ನೀರು ಬದಲಿಸಿ ಬದಲಿಸಿ ನಾನೇ ಅವನ್ನು ದಣಿಸಿದ್ದೆ. ನಂತರದ ನಾಲ್ಕು ದಿನಗಳಲ್ಲಿ ಇನ್ನೂ ಮೂರು ಗಪ್ಪಿ, ಎರಡು ಮೋಲಿ ಹೋದವು. ಇದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ 800 ರೂಪಾಯಿಗೆ ಹಳೆಯ 200 ಲೀಟರಿನ ನೀಲಿ ಡ್ರಮ್ ತಂದು ಚೆನ್ನಾಗಿ ತೊಳೆದು ಹಿತ್ತಲಿನಲ್ಲಿಟ್ಟೆ. ಬೋರ್ ನೀರು ತುಂಬಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಇಳಿಬಿಟ್ಟು, ಒಂದು ರಾತ್ರಿಯಾದರೂ ಬಿಡುತ್ತೇನೆ. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಗಾಳಿಯಾಡಿದ ಮೇಲೆಯೇ ಅದು ಮೀನಿಗೆ ತಕ್ಕ ನೀರಾಗುವುದು.

ಎರಡನೆಯ ಸಲ ಆ ಡ್ರಮ್ ನೀರು ಸಿದ್ಧವಿತ್ತು. ಅಂದು ಡಿಸೆಂಬರಿನ ಚಳಿ, ಹಾಗಾಗಿ ಒಂದು ಪಾತ್ರೆ ಬಿಸಿನೀರು ಬೆರೆಸಿ, ಕೈಗೆ ತೊಟ್ಟಿಯಷ್ಟೇ ಬೆಚ್ಚಗೆ ಅನ್ನಿಸುವಂತೆ ಮಾಡಿ ಸುರಿದೆ. ಫಿಲ್ಟರಿನ ಸ್ಪಂಜನ್ನು ಡ್ರಮ್ ನೀರಿನಲ್ಲೇ ಹಿಂಡಿದೆ. ಆ ರಾತ್ರಿ ಎರಡು ಗಪ್ಪಿ ಸತ್ತವು. ಬೆಳಿಗ್ಗೆ ಉಳಿದವೆಲ್ಲ ಗಾಜಿನ ಹತ್ತಿರ ಊಟಕ್ಕೆ ಬಂದಿದ್ದವು. ಆಮೇಲೆ ಒಂದೂ ಸಾಯಲಿಲ್ಲ.

ಅರ್ಧರ್ಧ ಮೂರು ಸಲ ಬದಲಿಸುವುದು ಸುರಕ್ಷಿತ ಎನ್ನುವವರಿದ್ದಾರೆ. ಅದಕ್ಕೆ 105 ಲೀಟರ್ ಬೇಕು, ವಿಷ ಎಂಟರಲ್ಲಿ ಒಂದು ಪಾಲು ಉಳಿಯುತ್ತದೆ. ಹಾಕುವ ನೀರು ಹೊಂದುವಂತಿದ್ದರೆ 60 ಲೀಟರನ್ನು ಒಂದೇ ಸಲ ಬದಲಿಸುವುದೇ ಮೇಲು. ವಿಷದೊಳಗೆ ಮೀನು ಕಳೆಯುವ ಹೊತ್ತು ಕಡಿಮೆಯಾಗುತ್ತದೆ. ನಲ್ಲಿಯಲ್ಲಿ ಬರುವ ಕ್ಲೋರಿನ್ ನೀರಾದರೆ ಆಂಟಿ ಕ್ಲೋರಿನ್ ಹಾಕದೆ ಒಂದು ಚೊಂಬೂ ಸುರಿಯಬೇಡಿ.

ಡ್ರಮ್ಮಿಗೂ ಕಷ್ಟವಿದೆ. ಜಾಗ ಬೇಕು, ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ನಾನು ಹೇಗೂ ಪ್ರತಿ ಭಾನುವಾರ ತೊಟ್ಟಿಯ ಸ್ವಲ್ಪ ನೀರು ಬದಲಿಸುವವನಾದ್ದರಿಂದ ಅದು ಖರ್ಚಾಗಿ ಮತ್ತೆ ತುಂಬುತ್ತದೆ. ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿರುವವರು 20 ಲೀಟರಿನ ಮೂರು ಕ್ಯಾನ್‌ಗಳಲ್ಲಿ, ತಮ್ಮ ತೊಟ್ಟಿಗೆ ದಿನವೂ ಬಳಸುವ ನೀರನ್ನೇ ತುಂಬಿಸಿಡಲಿ. ಔಷಧಿ ಹೊಡೆಯುವ ದಿನ ಈಗ ಏರ್ ಪಂಪಿನ ಪ್ಲಗ್ ಕಿತ್ತು, ತೊಟ್ಟಿಗೆ ಒದ್ದೆ ಬೆಡ್‌ಶೀಟ್ ಹೊದಿಸಿ, ಕಿಟಕಿಗಳನ್ನೆಲ್ಲ ತೆರೆದು ವಾಸನೆ ಹೋದ ಮೇಲೆಯೇ ಪ್ಲಗ್ ಹಾಕುತ್ತೇನೆ.