ಎಂಎಸ್‌ಐಎಕ್ಸೆಕ್ ಜತೆ ಆರು ವರ್ಷ: ಕೇಳದೆ ಆಗುವ ರೀಸ್ಟಾರ್ಟನ್ನು ನಿಲ್ಲಿಸಿದ ಬಗೆ

ನಾನು ಒಂದು ಪದವಿ ಕಾಲೇಜಿನ ಸಿಸ್ಟಮ್ ಅಡ್ಮಿನ್. ಎರಡು ಲ್ಯಾಬ್, ಗ್ರಂಥಾಲಯ, ಕಚೇರಿ, ಪರೀಕ್ಷಾ ವಿಭಾಗ ಎಲ್ಲ ಸೇರಿ 84 ಕಂಪ್ಯೂಟರ್. ನೆಟ್‌ವರ್ಕ್ ಮೂಲಕ ಸಾಫ್ಟ್‌ವೇರ್ ಹಾಕುವ ದೊಡ್ಡ ಸಲಕರಣೆಗಳನ್ನು ಕೊಳ್ಳುವಷ್ಟು ಬಜೆಟ್ ನಮಗೆ ಯಾವತ್ತೂ ಸಿಕ್ಕಿಲ್ಲ. ಹಾಗಾಗಿ ಸಾಫ್ಟ್‌ವೇರ್ ಹಾಕಲು ವಿಂಡೋಸ್ ಜತೆಗೇ ಬರುವ ಎಂಎಸ್‌ಐಎಕ್ಸೆಕ್, ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಒಂದು ಬ್ಯಾಚ್ ಫೈಲ್, ದೂರದಿಂದ ಓಡಿಸಲು ಪಿಎಸ್‌ಎಕ್ಸೆಕ್. ಆರು ವರ್ಷದಿಂದ ಇಷ್ಟರಲ್ಲೇ ಕೆಲಸ ಸಾಗಿದೆ. ಇದು ಏನೇನು ಮಾಡುತ್ತದೆ ಅನ್ನುವುದು ಈ ಕೆಲಸದವರಿಗೆ ಗೊತ್ತಿರುವುದೇ. ನಾನು ಬರೆಯುತ್ತಿರುವುದು ಒಂದೇ ಸಂಗತಿಗಾಗಿ: ರೀಸ್ಟಾರ್ಟ್.

ಮೊದಲ ವರ್ಷ, ಬೆಳಗಿನ 11.40. ಒಂದು ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಕಚೇರಿಯ 12 ಯಂತ್ರಗಳಿಗೆ ಕಳಿಸಿದೆ. ಆಜ್ಞೆಯಲ್ಲಿ /ಕ್ಯೂಎನ್ ಎಂಬ ಸ್ವಿಚ್ ಒಂದನ್ನೇ ಬರೆದಿದ್ದೆ. ಪರದೆಯಲ್ಲಿ ಕಿಟಕಿ ತೆರೆಯುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಯಾರಿಗೂ ತೊಂದರೆಯಾಗುವುದಿಲ್ಲ ಅಂದುಕೊಂಡಿದ್ದೆ. ನಾಲ್ಕೇ ನಿಮಿಷದಲ್ಲಿ 12 ಪರದೆಗಳೂ ಕಪ್ಪಾದವು. ನಮ್ಮ ಟೈಪಿಸ್ಟ್ ಮೇಡಂ ಬೆಳಗಿನಿಂದ ನುಡಿ ತಂತ್ರಾಂಶದಲ್ಲಿ ನ್ಯಾಕ್ ವರದಿಯ ಕನ್ನಡ ಪುಟಗಳನ್ನು ಕೂಡಿಸುತ್ತಿದ್ದರು. ಉಳಿಸಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ, ಕೀಬೋರ್ಡಿನ ಮೇಲಿಂದ ಕೈ ತೆಗೆದು ಸುಮ್ಮನೆ ಕೂತರು. ಆ ಕೂತ ಚಿತ್ರ ನನಗೆ ಇವತ್ತಿಗೂ ಮರೆತಿಲ್ಲ. ಆಜ್ಞೆ ಬರೆದವನು ನಾನು, ತಪ್ಪೂ ನನ್ನದೇ.

/ಕ್ಯೂಎನ್ ಅಂದರೆ ‘ಸದ್ದಿಲ್ಲದೆ ಮಾಡು’ ಎಂದಷ್ಟೇ ಅರ್ಥ. ರೀಸ್ಟಾರ್ಟ್ ಬೇಕೆನಿಸಿದರೆ ಕೇಳಲು ಎದುರಿಗೆ ಕಿಟಕಿಯೇ ಇಲ್ಲವಲ್ಲ, ಹಾಗಾಗಿ ಕೇಳದೆಯೇ ಮಾಡಿಬಿಡುತ್ತದೆ. ದಾಖಲೆಯಲ್ಲಿ ಇದು ಸ್ಪಷ್ಟವಾಗಿಯೇ ಇದೆ, ನಾನು ಓದಿರಲಿಲ್ಲ. ಆದರೂ ಕೇಳುತ್ತೇನೆ: ಯಾರೂ ನೋಡದಿರುವಾಗ ರೀಸ್ಟಾರ್ಟ್ ಮಾಡಬಾರದು ಎನ್ನುವುದೇ ಮೂಲ ನಡವಳಿಕೆ ಆಗಿರಬೇಕಿತ್ತಲ್ಲವೇ? ಈ ಒಂದು ಕಾರಣಕ್ಕೆ ಮೊದಲ ಎರಡು ವರ್ಷ ಇದರ ಮೇಲೆ ನನಗೆ ನಿಜವಾದ ಸಿಟ್ಟಿತ್ತು.

ಮದ್ದು ಚಿಕ್ಕದು. /ಕ್ಯೂಎನ್ ಪಕ್ಕದಲ್ಲಿ /ನೋರಿಸ್ಟಾರ್ಟ್. ಹಳೆಯ ಪದ್ಧತಿಯಲ್ಲಿ ಬರೆಯುವವರಿಗೆ ರೀಬೂಟ್=ರಿಯಲಿಸಪ್ರೆಸ್, ಎರಡೂ ಒಂದೇ. ಆದರೆ ಬರೀ ‘ಸಪ್ರೆಸ್’ ಬರೆದು ನಿಶ್ಚಿಂತರಾಗಬೇಡಿ. ಅದು ಕೊನೆಯಲ್ಲಿ ಆಗುವ ರೀಸ್ಟಾರ್ಟನ್ನು ಮಾತ್ರ ತಡೆಯುತ್ತದೆ. ಪ್ಯಾಕೇಜಿನ ನಡುವೆ ಫೋರ್ಸ್‌ರೀಬೂಟ್ ಎಂಬ ಹೆಜ್ಜೆ ಇದ್ದರೆ ಯಂತ್ರ ಅಲ್ಲೇ ಮಲಗಿ ಏಳುತ್ತದೆ. ‘ರಿಯಲಿ’ ಎಂಬ ಆ ಒಂದು ಪದ ಇರುವುದೇ ಇದಕ್ಕೆ.

ಈಗ ಸಿಟ್ಟು ಇಳಿದದ್ದು ಹೇಗೆಂದು ಹೇಳುತ್ತೇನೆ. 3010 ಎಂಬ ಸಂಖ್ಯೆಯಿಂದ.

ರೀಸ್ಟಾರ್ಟ್ ತಡೆದರೆ ಎಂಎಸ್‌ಐಎಕ್ಸೆಕ್ ಕೆಲಸ ಮುಗಿಸಿ ಹೋಗುವಾಗ 3010 ಎಂದು ಹೇಳಿ ಹೋಗುತ್ತದೆ: ಹಾಕಿದ್ದಾಯಿತು, ಆದರೆ ಯಾವಾಗಲಾದರೂ ಒಮ್ಮೆ ಎಬ್ಬಿಸಿ. 0 ಬಂದರೆ ಬಾಕಿ ಏನೂ ಇಲ್ಲ. 1641 ಬಂದರೆ ರೀಸ್ಟಾರ್ಟ್ ಆಗಲೇ ಶುರುವಾಗಿದೆ. ಎಚ್ಚರ ಬೇಕಾದದ್ದು ಈ 1641ರ ಬಗ್ಗೆ. ಹೆಸರಿಗೆ ಅದೂ ಯಶಸ್ಸೇ. ಹಾಗಾಗಿ ಸ್ಕ್ರಿಪ್ಟಿನಲ್ಲಿ ಅದನ್ನು ಯಶಸ್ಸಿನ ಸಾಲಿಗೆ ಸೇರಿಸಿದ್ದರೆ ನಿಮ್ಮ ಪಟ್ಟಿ ಹಸಿರು ತೋರಿಸುತ್ತಿರುತ್ತದೆ, ಅತ್ತ ಯಾರದೋ ಕೆಲಸ ಹೋಗಿರುತ್ತದೆ. ನನ್ನ ಬ್ಯಾಚ್ ಫೈಲಿನಲ್ಲಿ 1641 ಕಂಡರೆ ಹಂಚಿಕೆ ಅಲ್ಲಿಗೇ ನಿಲ್ಲುತ್ತದೆ. ಒಂದು ಯಂತ್ರ ಮಲಗಿತು, ಉಳಿದ 83 ಉಳಿದವು.

ಬೆಳಗ್ಗೆ ಎಂಟೂವರೆಗೆ ಬಂದು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಹಿಂದಿನ ದಿನದ ಲಾಗ್ ತೆರೆಯುತ್ತೇನೆ. ಹೊಸ ಪ್ಯಾಕೇಜ್ ಇದ್ದರೆ ಮೊದಲು ಕಿಟಕಿ ಪಕ್ಕದ ಹಳೇ ಡೆಸ್ಕ್‌ಟಾಪಿಗೆ. ಅದರಲ್ಲಿ ಬೇಕೆಂದೇ ವರ್ಡ್ ತೆರೆದಿಟ್ಟು ಒಂದು ಸಾಲು ಬರೆದು ಉಳಿಸದೆ ಬಿಡುತ್ತೇನೆ. ಹಾಕಿದ ಮೇಲೆ ಆ ಸಾಲು ಹಾಗೇ ಇದ್ದರೆ ಪ್ಯಾಕೇಜ್ ಪಾಸ್. ಈ ಪರೀಕ್ಷೆ ಬೇಕೇ ಬೇಕು, ಯಾಕೆಂದರೆ ರೀಸ್ಟಾರ್ಟ್ ಆಗದಿದ್ದರೂ, ಹಿಡಿದಿಟ್ಟ ಫೈಲನ್ನು ಬಿಡಿಸಲು ವಿಂಡೋಸ್ ವಿಸ್ಟಾ ಕಾಲದಿಂದ ಇರುವ ರೀಸ್ಟಾರ್ಟ್ ಮ್ಯಾನೇಜರ್ ತೆರೆದ ಪ್ರೋಗ್ರಾಮನ್ನು ಮುಚ್ಚಿಸಬಹುದು. ಆಮೇಲೆ ಐದು ಯಂತ್ರ, ಆಮೇಲೆ ಎಲ್ಲ. ಸಂಜೆ ನಾಲ್ಕಕ್ಕೆ 3010 ಬಂದ ಯಂತ್ರಗಳ ಹೆಸರನ್ನು ನೋಟ್‌ಬುಕ್ಕಿಗೆ ಪೆನ್ನಿನಲ್ಲೇ ಇಳಿಸಿಕೊಂಡು ಕೋಣೆ ಕೋಣೆಗೆ ಹೋಗುತ್ತೇನೆ. “ಮನೆಗೆ ಹೋಗುವಾಗ ರೀಸ್ಟಾರ್ಟ್ ಒತ್ತಿ ಹೋಗಿ” ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಶಟ್‌ಡೌನ್ ಆಜ್ಞೆಗೆ ಹತ್ತು ನಿಮಿಷದ ಗಡುವು ಕೊಟ್ಟು ದೂರದಿಂದಲೂ ಮಾಡಬಹುದು. ಆದರೆ ಗಡುವು ಕೊಟ್ಟೊಡನೆ ‘ಬಲವಂತವಾಗಿ ಮುಚ್ಚು’ ಎಂಬುದೂ ತಾನಾಗಿ ಸೇರಿಕೊಳ್ಳುತ್ತದೆ. ಸೀಟಿನಲ್ಲಿ ಯಾರೂ ಇಲ್ಲದಿದ್ದರೆ ಉಳಿಸದ ಕೆಲಸಕ್ಕೆ ಅದು ಹತ್ತು ನಿಮಿಷ ತಡವಾಗಿ ಬಂದ ಕರೆಂಟ್ ಕಟ್ ಅಷ್ಟೆ.

ರೀಸ್ಟಾರ್ಟ್ ಯಾಕೆ ಬೇಕು ಎಂಬುದು ಅರ್ಥವಾದ ಮೇಲೆ ನನ್ನ ಧೋರಣೆ ಇನ್ನೂ ಮೆತ್ತಗಾಯಿತು. ಓಡುತ್ತಿರುವ ಪ್ರೋಗ್ರಾಮಿನ ಕೈಯಲ್ಲಿರುವ ಫೈಲನ್ನು ಬದಲಿಸಲಾಗದು. ಹೊಸ ಫೈಲನ್ನು ಪಕ್ಕದಲ್ಲಿಟ್ಟು, ‘ಮುಂದಿನ ಸಲ ಎದ್ದಾಗ ಅದಲುಬದಲು ಮಾಡು’ ಎಂಬ ಚೀಟಿಯನ್ನು ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ರಿಜಿಸ್ಟ್ರಿಯ ಸೆಷನ್ ಮ್ಯಾನೇಜರ್ ಕೀಲಿಯಲ್ಲಿ ಪೆಂಡಿಂಗ್‌ಫೈಲ್‌ರೀನೇಮ್‌ಆಪರೇಷನ್ಸ್ ಹೆಸರಲ್ಲಿ ಬರೆದಿಡಲಾಗುತ್ತದೆ. /ನೋರಿಸ್ಟಾರ್ಟ್ ಆ ಚೀಟಿಯನ್ನು ಹರಿಯುವುದಿಲ್ಲ, ಸಮಯ ಆರಿಸುವ ಅಧಿಕಾರವನ್ನು ನಮಗೆ ಕೊಡುತ್ತದೆ. ಎರಡನೇ ವರ್ಷ ನಾನು ಈ ಬಾಕಿಯನ್ನು ವಾರಗಟ್ಟಲೆ ತೀರಿಸದೆ ಬಿಟ್ಟೆ. ಅರ್ಧ ಹಳೇ ಫೈಲು, ಅರ್ಧ ಹೊಸದು, ಪ್ರೋಗ್ರಾಂ ತೆರೆಯುತ್ತಲೇ ಬೀಳುವುದು, ಮುಂದಿನ ಇನ್‌ಸ್ಟಾಲರ್ ‘ಮೊದಲು ರೀಸ್ಟಾರ್ಟ್ ಮಾಡಿ’ ಎಂದು ಹಟ ಹಿಡಿಯುವುದು. ಅದಾದ ಮೇಲೆ 3010 ಬಂದ ದಿನವೇ ಸಂಜೆ ತೀರಿಸುತ್ತೇನೆ.

ಇನ್ನೂ ಬಗೆಹರಿಯದ ದೂರು ಎಂದರೆ ಸೆಟಪ್ ಇಎಕ್ಸ್‌ಇಗಳು. ಕೆಲವು ಒಳಗೆ ಎಂಎಸ್‌ಐ (ಎಂಎಸ್‌ಐಎಕ್ಸೆಕ್ ಓದುವ ಪ್ಯಾಕೇಜ್) ಇಟ್ಟುಕೊಂಡು ಹೊರಗೆ ಬೇರೆ ವೇಷ, ಕೆಲವದರ ರೀತಿಯೇ ಬೇರೆ. ಇನ್‌ಸ್ಟಾಲರ್ ತಯಾರಿಸುವ ಇನ್ನೋ ಸೆಟಪ್‌ನಲ್ಲಿ ಮಾಡಿದ್ದಕ್ಕೆ /ವೆರಿಸೈಲೆಂಟ್ ಜತೆ /ನೋರಿಸ್ಟಾರ್ಟ್ ಕೊಡದಿದ್ದರೆ ಅದೂ ಕೇಳದೆ ಎಬ್ಬಿಸುತ್ತದೆ. ಇನ್‌ಸ್ಟಾಲ್‌ಶೀಲ್ಡ್‌ನದಾದರೆ ಸಾಮಾನ್ಯವಾಗಿ /ವಿ ಮೂಲಕ ರಿಯಲಿಸಪ್ರೆಸ್ ಅನ್ನು ಒಳಗಿನ ಎಂಎಸ್‌ಐಗೆ ದಾಟಿಸಬೇಕು. ಪ್ಯಾಕೇಜಿನೊಳಗೆ ಯಾರಾದರೂ ತಮ್ಮದೇ ಶಟ್‌ಡೌನ್ ಆಜ್ಞೆ ಬರೆದಿಟ್ಟಿದ್ದರಂತೂ ನಮ್ಮ ಯಾವ ಸ್ವಿಚ್ಚೂ ಅದಕ್ಕೆ ಕೇಳುವುದಿಲ್ಲ. ಅಂಥದ್ದನ್ನು ಹಿಡಿಯುವುದು ಕಿಟಕಿ ಪಕ್ಕದ ಆ ಹಳೇ ಡೆಸ್ಕ್‌ಟಾಪ್ ಮಾತ್ರ.

ಲ್ಯಾಬುಗಳಿಗಾದರೆ ಇಷ್ಟೆಲ್ಲ ಬೇಕಿಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ಗ್ರೂಪ್ ಪಾಲಿಸಿಯಲ್ಲಿ ಎಂಎಸ್‌ಐಯನ್ನು ಕಂಪ್ಯೂಟರಿಗೆ ಅಸೈನ್ ಮಾಡಿದರೆ, ಯಂತ್ರ ಏಳುವಾಗ, ವಿದ್ಯಾರ್ಥಿ ಲಾಗಿನ್ ಆಗುವ ಮೊದಲೇ ಕೆಲಸ ಮುಗಿಯುತ್ತದೆ. ಕಚೇರಿಯ ಯಂತ್ರಗಳು ಮಾತ್ರ ದಿನಗಟ್ಟಲೆ ಆರುವುದಿಲ್ಲ, ಅಲ್ಲಿಗೆ ನೋಟ್‌ಬುಕ್ಕೇ ಗತಿ. ನೂರರ ಒಳಗೆ ಯಂತ್ರ, ಓಡಾಡುವ ಕಾಲು, ಲಾಗ್ ಓದುವ ತಾಳ್ಮೆ ಇದ್ದವರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಊರೂರಲ್ಲಿ ಶಾಖೆ ಇರುವವರು ಹಣ ಕೊಟ್ಟು ಬೇರೆಯದನ್ನು ಕೊಳ್ಳಿ.

ಇವತ್ತಿನ ಪುಟದಲ್ಲಿ ಏಳು ಹೆಸರಿವೆ. ಐದನ್ನು ಆಗಲೇ ಹೊಡೆದುಹಾಕಿದ್ದೇನೆ. ಪರೀಕ್ಷಾ ವಿಭಾಗದ ಎರಡು ಉಳಿದಿವೆ. ಅಂಕ ತುಂಬಿಸುವ ಕೆಲಸ ಆರಕ್ಕೆ ಮುಗಿಯುತ್ತದಂತೆ, ಮುಗಿದಾಗ ಅವರೇ ಫೋನ್ ಮಾಡುತ್ತಾರೆ.