ಪಾಯಿಂಟ್ 177 ಏರ್ ರೈಫಲ್ ಪೆಲೆಟ್: ಯಾವುದು ಕೊಂಡರೆ ದುಡ್ಡು ದಂಡವಾಗಲ್ಲ (ದೀರ್ಘ ಬಳಕೆಯ ವಿಮರ್ಶೆ, ಕಲಬುರಗಿ)

ಮೊದಲೇ ಹೇಳಿಬಿಡುತ್ತೇನೆ, ಇದು ಬೇಟೆಯ ಗುಂಡಿನ ಮಾತಲ್ಲ. ಬೀದರ್ ಕಡೆ ಹೊಲದಲ್ಲಿ ಕೃಷ್ಣಮೃಗ ಕಣ್ಣಿಗೆ ಬೀಳುತ್ತವೆ, ನಿಜ. ಆದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಹೊಡೆದರೆ ಜೈಲು. ಇಲ್ಲಿ ಹೇಳುವುದೆಲ್ಲ 10 ಮೀಟರ್ ದೂರದ ಕಾಗದದ ಗುರಿಗೆ. 4.5 ಮಿ.ಮೀ. (0.177 ಇಂಚು, ಅದೇ ಪಾಯಿಂಟ್ 177) ನಳಿಗೆಯ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅದನ್ನು ಕೊಳ್ಳುವಾಗ ಹತ್ತು ಕಡೆ ವಿಚಾರಿಸುವವರೇ ಛರ್ರಾ, ಅಂದರೆ ಪೆಲೆಟ್ ಎಂಬ ಸೀಸದ ಸಣ್ಣ ಗುಂಡು, ಮಾತ್ರ ಅಂಗಡಿಯವನು ಕೊಟ್ಟಿದ್ದನ್ನು ಜೇಬಿಗೆ ಹಾಕಿಕೊಂಡು ಬರುತ್ತಾರೆ. ಆಮೇಲೆ ಗುರಿ ತಪ್ಪಿದರೆ ಬೈಗುಳ ಗನ್ನಿಗೆ.

ಹತ್ತು ಮೀಟರ್‌ಗೆ ಚಪ್ಪಟೆ ತಲೆಯ ಪೆಲೆಟ್ಟೇ ಸರಿ. ಕಾಗದದಲ್ಲಿ ಪಂಚ್ ಹೊಡೆದ ಹಾಗೆ ದುಂಡನೆ ತೂತು ಬೀಳುತ್ತದೆ, ಅಂಕ ಎಣಿಸುವಾಗ ತಕರಾರಿಲ್ಲ. ರೈಫಲ್ ಗುರಿಯ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಇರುವಾಗ ಅಂಚು ಹರಿದ ತೂತಿನಿಂದ ಪ್ರಯೋಜನವಿಲ್ಲ. 25 ಮೀಟರ್ ದಾಟಿದರೆ ಮಾತ್ರ ದುಂಡು ತಲೆಯದ್ದು ತೆಗೆದುಕೊಳ್ಳಿ. ಅಷ್ಟು ದೂರಕ್ಕೆ ಚಪ್ಪಟೆಯದು ಗಾಳಿಯಲ್ಲಿ ಹಿಡಿತ ತಪ್ಪುತ್ತದೆ. ಚೂಪು ಮೊನೆಯದನ್ನು ಬಿಟ್ಟುಬಿಡಿ. ಡಬ್ಬಿಯೊಳಗೇ ಮೊನೆ ಬಾಗಿರುತ್ತದೆ, ಬಾಗಿದ ಮೇಲೆ ಒಂದೊಂದು ಒಂದೊಂದು ದಿಕ್ಕು.

ತೂಕದ ವಿಷಯಕ್ಕೆ ಬಂದರೆ, 0.53 ಗ್ರಾಂ ರೈಫಲ್‌ಗೆ ಹೊಂದುವ ತೂಕ. ಎಚ್ ಆಂಡ್ ಎನ್ ಫಿನಾಲೆ ಮ್ಯಾಚ್, ಆರ್‌ಡಬ್ಲ್ಯುಎಸ್ ಆರ್10 ಅನ್ನುವ ಬ್ರಾಂಡ್ ಪೆಲೆಟ್ ಎರಡೂ ಇದೇ ತೂಕದಲ್ಲಿ ಸಿಗುತ್ತವೆ. ಇವುಗಳ ಪಿಸ್ತೂಲಿನ ಡಬ್ಬಿ ಇನ್ನೂ ಹಗುರ, ಮುಚ್ಚಳ ಓದದೆ ತಂದರೆ ಮೋಸ. ಹಗುರ ಪೆಲೆಟ್ ಹಾಕಿದರೆ ಸ್ಪ್ರಿಂಗ್ ಗನ್ನಿನ (ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿ ಒತ್ತಿ ಹೊಡೆಯುವ ಗನ್ನು) ಪಿಸ್ಟನ್‌ಗೆ ತಡೆಯೇ ಸಿಗದೆ ಜೋರಾಗಿ ಹೋಗಿ ಬಡಿಯುತ್ತದೆ. 0.68 ಗ್ರಾಂನಂಥ ಭಾರದ್ದು ಹಾಕಿದರೆ ಪಿಸ್ಟನ್ ಹಿಂದಕ್ಕೆ ಪುಟಿಯುತ್ತದೆ. ಎರಡರಲ್ಲೂ ಗಾಳಿ ಸೋರದಂತೆ ಪಿಸ್ಟನ್ನಿಗಿರುವ ಸೀಲ್ ಬೇಗ ಸವೆಯುತ್ತದೆ.

ಸಣ್ಣ ಅಂಗಡಿಯ ಅಗ್ಗದ ಡಬ್ಬಿಗೂ ಮ್ಯಾಚ್ (ಸ್ಪರ್ಧೆಯ ದರ್ಜೆಯ) ಡಬ್ಬಿಗೂ ನಿಜವಾದ ವ್ಯತ್ಯಾಸ ತಿಳಿಯಬೇಕೆಂದರೆ ಸರಾಫರು ಬಳಸುವಂಥ ಮಿಲಿಗ್ರಾಂ ತಕ್ಕಡಿ ಬೇಕು. ಅಗ್ಗದ್ದರಲ್ಲಿ ಒಂದು 0.46 ತೂಗಿದರೆ ಪಕ್ಕದ್ದು 0.52 ತೂಗುತ್ತದೆ. ಮ್ಯಾಚ್‌ನಲ್ಲಿ ಏರುಪೇರು 0.01ರ ಒಳಗೇ. ತೂಕಕ್ಕಿಂತ ಹೆಚ್ಚಾಗಿ ನೋಡಬೇಕಾದ್ದು ಪೆಲೆಟ್ಟಿನ ಹಿಂಭಾಗದ ತೆಳು ಅಂಚು, ಅಂದರೆ ಸ್ಕರ್ಟ್. ಗಾಳಿಯ ಒತ್ತಡಕ್ಕೆ ಅದು ಅರಳಿ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳಬೇಕು. ಒಂದು ಕಡೆ ನೆಗ್ಗಿದ್ದರೆ ಅಲ್ಲಿಂದ ಗಾಳಿ ಸೋರುತ್ತದೆ, ಪೆಲೆಟ್ ಪಕ್ಕಕ್ಕೆ ಹೋಗುತ್ತದೆ. ಹೈದರಾಬಾದ್ ಅಥವಾ ಪುಣೆಯಿಂದ ಕೊರಿಯರ್‌ನಲ್ಲಿ ಬಂದ ಡಬ್ಬಿ ಕಿವಿಯ ಹತ್ತಿರ ಅಲುಗಾಡಿಸಿ: ಗಲಗಲ ಸದ್ದು ಬಂದರೆ ಒಳಗಿನ ಸ್ಪಂಜು ಸರಿಯಿಲ್ಲ. ಬಿಳಿ ಕಾಗದದ ಮೇಲೆ ಸುರಿದು, ಉರುಳಿಸಿ, ಓಲಾಡುವುದನ್ನು ಬೇರೆ ಮಾಡಿ.

ಮುಚ್ಚಳದ ಮೇಲೆ 4.49, 4.50, 4.51 ಅಂತ ಇರುವುದು ಪೆಲೆಟ್ ತಲೆಯ ಅಳತೆ, ಮಿ.ಮೀ. ಲೆಕ್ಕದಲ್ಲಿ. ನಿಮ್ಮ ನಳಿಗೆಗೆ ಯಾವುದು ಅನ್ನುವುದನ್ನು ಹೊಡೆದೇ ತಿಳಿಯಬೇಕು. ನಳಿಗೆಯನ್ನು ಫೆಲ್ಟ್ ತುಂಡಿನಿಂದ ಒರೆಸಿ, ಹೊಸ ಪೆಲೆಟ್‌ನ ಮೊದಲ ಇಪ್ಪತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆ ಸೀಸದ ಪದರ ಹೋಗಿ ಹೊಸದು ಕೂರಬೇಕು. ಆಮೇಲೆ ಒಂದೇ ಗುರಿಗೆ ಹತ್ತು. ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. (ಒಂದು ತೂತಿನ ಅಗಲ) ಕಳೆಯಿರಿ, ಅದೇ ಹರಡಿಕೆ. ಸಾಧಾರಣ ಸ್ಪ್ರಿಂಗ್ ಗನ್ನಿನಲ್ಲಿ ಅಗ್ಗದ ಪೆಲೆಟ್ 20 ಮಿ.ಮೀ. ಮೇಲೇ ಹರಡುತ್ತದೆ, ಹೊಂದಿದ ಮ್ಯಾಚ್ ಪೆಲೆಟ್ 10ರ ಆಸುಪಾಸು. ಸ್ಪ್ರಿಂಗ್ ಗನ್ನನ್ನು ಮರಳಿನ ಚೀಲದ ಮೇಲೆ ನೇರ ಇಡಬೇಡಿ, ಅಂಗೈ ಮೇಲೆ ಸಡಿಲವಾಗಿ ಕೂರಿಸಿ. ಬಿಗಿ ಹಿಡಿದರೆ ಪರೀಕ್ಷೆಯೇ ಸುಳ್ಳು.

ಹೊಳೆಯಲಿ ಅಂತ ಪೆಲೆಟ್‌ಗೆ ಎಣ್ಣೆ ಹಚ್ಚುವವರಿದ್ದಾರೆ. ಸ್ಪ್ರಿಂಗ್ ಗನ್ನಿನ ಒತ್ತಡದ ಬಿಸಿಗೆ ಆ ಎಣ್ಣೆ ಡೀಸೆಲ್ ಎಂಜಿನ್ನಿನಂತೆ ಹೊತ್ತಿಕೊಂಡು ಢಂ ಅನ್ನುತ್ತದೆ, ಹೊಗೆ ಬರುತ್ತದೆ, ವೇಗ ಒಂದೊಂದು ಹೊಡೆತಕ್ಕೂ ಬದಲು.

ನಮ್ಮ ಕಡೆ ಗೋಡೆ, ನೆಲ ಎಲ್ಲ ಶಹಾಬಾದ್ ಕಲ್ಲು. ಅದಕ್ಕೆ ಹೊಡೆದರೆ ಸೀಸ ಚೂರುಚೂರಾಗಿ ಮುಖಕ್ಕೇ ಬರುತ್ತದೆ. ಗುರಿಯ ಹಿಂದೆ ಹಳೆ ಬಟ್ಟೆ ಒತ್ತಿ ತುಂಬಿದ ಪ್ಲೈವುಡ್ ಪೆಟ್ಟಿಗೆ ಇಡಿ, ಬೆನ್ನಿಗೆ ದಪ್ಪ ಕಬ್ಬಿಣದ ತಗಡು ಇರಲಿ, ಕಣ್ಣಿಗೆ ಕನ್ನಡಕ. ಸ್ಟೀಲ್ ಬಿಬಿ ಗುಂಡು ಹಾಕಲೇಬೇಡಿ. ಗೀರು ಕೊರೆದ ನಳಿಗೆ ಹಾಳು, ಗುಂಡು ವಾಪಸ್ ಪುಟಿಯುವ ಅಪಾಯ ಬೇರೆ.

ಮಳೆಗಾಲದಲ್ಲಿ ತೆರೆದಿಟ್ಟ ಪೆಲೆಟ್‌ಗೆ ಬಿಳಿ ಪುಡಿ ಹಿಡಿಯುತ್ತದೆ. ಅದು ಸೀಸದ ತುಕ್ಕು, ವಿಷ. ಊದಬೇಡಿ, ಒರೆಸಿ ಬಳಸಬೇಡಿ, ಡಬ್ಬಿ ಸಮೇತ ಪಕ್ಕಕ್ಕಿಡಿ. ಹೊಡೆದಾದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಮ್ಯಾಚ್ ಡಬ್ಬಿಯ ದುಡ್ಡಿಗೆ ಅಗ್ಗದ್ದು ಎರಡು ಮೂರು ಬರುತ್ತವೆ, ಸರಿ. ಕೈ ಕೂರಿಸುವ ಅಭ್ಯಾಸಕ್ಕೆ ಅಗ್ಗದ್ದನ್ನೇ ಆರಿಸಿ ತೆಗೆದು ಹೊಡೆಯಿರಿ, ಅಂಕ ಬರೆದಿಡುವ ದಿನ ಮ್ಯಾಚ್. ಹೊಂದಿದ್ದು ಸಿಕ್ಕರೆ ಡಬ್ಬಿಯ ಬ್ಯಾಚ್ ನಂಬರ್ ನೋಡಿ ಅದೇ ನಂಬರಿನದು ಮೂರ್ನಾಲ್ಕು ಒಟ್ಟಿಗೇ ತರಿಸಿ. ಬ್ಯಾಚ್ ಬದಲಾದರೆ ಅದೇ ಬ್ರಾಂಡ್ ಆದರೂ ಇನ್ನೊಂದು ಸಲ ಹತ್ತು ಹೊಡೆದು ಅಳೆಯಬೇಕಾಗುತ್ತದೆ.